ಸಾರ್ಕೋಮಾದ ಸ್ಟೆಮ್ ಸೆಲ್ ಥರದ ಕೋಶಗಳಿಗೆ ಮಾರ್ಕರ್ ಸಿಕ್ಕಿದೆ ಅಂದಮೇಲೆ ಅವಕ್ಕೇ ಔಷಧಿ ಯಾಕಿಲ್ಲ?

ಆಳಂದದ_ಹುಡುಗಿ

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಬಯೋಟೆಕ್ನಾಲಜಿ ಎಂಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಸೆಮಿನಾರ್‌ಗೆ ಸಾರ್ಕೋಮಾ ವಿಷಯ ತಗೊಂಡಿದ್ದೇನೆ. ಎಲುಬು, ಸ್ನಾಯು, ಕೊಬ್ಬು, ಇಂಥ ಅಂಗಾಂಶಗಳಲ್ಲಿ ಬರುವ ಕ್ಯಾನ್ಸರ್ ಅದು. ಓದಿದ ಪೇಪರ್‌ಗಳಲ್ಲೆಲ್ಲ ಒಂದೇ ಮಾತು. ಗಡ್ಡೆಯೊಳಗೆ ಸ್ಟೆಮ್ ಸೆಲ್ ಥರದ, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರಬಲ್ಲ ತಾಯಿ ಕೋಶದಂಥ, ಕೆಲವೇ ಕೋಶಗಳಿರುತ್ತವೆ, ಕೀಮೋ ಕೊಟ್ಟಾಗ ಉಳಿದವು ಸಾಯುತ್ತವೆ, ಇವು ಬದುಕುತ್ತವೆ, ಆಮೇಲೆ ರೋಗ ತಿರುಗಿ ಬರೋದು ಇವುಗಳಿಂದಲೇ ಅಂತ. ಆ ಕೋಶಗಳ ಮೇಲ್ಮೈಯಲ್ಲಿ ಸಿಡಿ133, ಸಿಡಿ44, ಸಿಡಿ117, ಸ್ಟ್ರೋ-1, ಸಿಡಿ271 ಅಂತ ಮಾರ್ಕರ್‌ಗಳ, ಅಂದರೆ ಗುರುತು ಹಿಡಿಯುವ ಅಣುಗಳ, ಪಟ್ಟಿಯೇ ಇದೆ.

ನನಗೆ ಅರ್ಥ ಆಗದೇ ಇರೋದು ಇದು. ಗುರುತು ಗೊತ್ತಿದೆ, ಗುರುತಿಗೆ ಅಂಟುವ ಆ್ಯಂಟಿಬಾಡಿ ಲ್ಯಾಬ್‌ನಲ್ಲಿದೆ. ಅದಕ್ಕೊಂದು ವಿಷ ಕಟ್ಟಿ ಬಿಟ್ಟರೆ ಬೇರು ಸಮೇತ ಹೋಗಬೇಕಲ್ವಾ? ಹದಿನೈದು ವರ್ಷದಿಂದ ಇದೇ ಮಾತು ಬರೆಯುತ್ತಿದ್ದಾರೆ, ಆಸ್ಪತ್ರೆಯಲ್ಲಿ ಒಂದು ಔಷಧಿಯೂ ಕಾಣುವುದಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಇದು?

ಕೇಳಲಿಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಓಣಿಯ ಹುಡುಗ ಒಬ್ಬನಿಗೆ ಮೊಣಕಾಲ ಹತ್ತಿರ ಆಸ್ಟಿಯೋಸಾರ್ಕೋಮಾ, ಅಂದರೆ ಎಲುಬಿನ ಸಾರ್ಕೋಮಾ. ಎಸ್ಸೆಸ್ಸೆಲ್ಸಿ ಓದುತ್ತಿದ್ದವನು. ಕೀಮೋ ಶುರುವಾಗಿದೆ. ಅವರಪ್ಪ ನನಗೆ ವಾಟ್ಸಾಪ್‌ನಲ್ಲಿ ಒಂದು ಸೆಂಟರಿನ ಜಾಹೀರಾತು ಕಳಿಸಿ, "ನೀ ಇದನ್ನೇ ಓದ್ತಿ ಅಲ್ಲವ್ವಾ, ಸ್ಟೆಮ್ ಸೆಲ್ ಟ್ರೀಟ್‌ಮೆಂಟ್ ಅಂತ ಹಾಕ್ಯಾರ, ಕೀಮೋ ಬಿಟ್ಟು ಅಲ್ಲಿಗೆ ಹೋಗೋಣೇನು" ಅಂತ ಕೇಳಿದ್ದಾರೆ. ಗೊತ್ತಿಲ್ಲದೆ ಏನಾದರೂ ಹೇಳಲಿಕ್ಕೆ ನನಗೆ ಭಯ. ಗೊತ್ತಿದ್ದವರು ದಯವಿಟ್ಟು ಹೇಳಿ.

ವಾರ್ಡ್_ಅಕ್ಕ

ತಂಗಿ, ಮೊದಲು ಎರಡನೇದಕ್ಕೆ ಉತ್ತರ, ಅದು ತಡ ಆಗಬಾರದು. ಕೀಮೋ ಬಿಡಬೇಡಿ ಅಂತ ಅವರಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಮೆಸೇಜ್ ಬೇಡ, ಫೋನೇ ಮಾಡಿ.

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಆ ಜಾಹೀರಾತಿನವರು ಮಾಡೋದು ಸ್ಟೆಮ್ ಸೆಲ್ ತಂದು ಮೈಯೊಳಗೆ ಚುಚ್ಚೋದು. ನೀವು ಓದುತ್ತಿರುವುದು ಗಡ್ಡೆಯಲ್ಲಿರುವ ಅಂಥ ಕೋಶಗಳನ್ನು ಕೊಲ್ಲೋದು. ಒಂದಕ್ಕೊಂದು ಸಂಬಂಧವೇ ಇಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಟ್ರಯಲ್‌ನೊಳಗೆ ಮಾತ್ರ ನಡೆಯಬೇಕು. ಟ್ರಯಲ್ ಅಂದರೆ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ಅಧಿಕೃತ ಪಟ್ಟಿಯಲ್ಲಿ, ನೋಂದಣಿ ಆಗಿರಬೇಕು, ಆ ನಂಬರ್ ಕೊಡಿ ಅಂತ ಕೇಳಿ. ಪ್ರಯೋಗದಲ್ಲಿರೋ ಚಿಕಿತ್ಸೆಗೆ ರೋಗಿಯಿಂದ ಲಕ್ಷಗಟ್ಟಲೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಆಸ್ಟಿಯೋಸಾರ್ಕೋಮಾಗೆ ಸಾಮಾನ್ಯವಾಗಿ ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಕೊಡುತ್ತಾರೆ, ಅದರ ಜೊತೆಗೆ ದೊಡ್ಡ ಡೋಸಿನ ಮೆಥೊಟ್ರೆಕ್ಸೇಟ್ ಕೂಡ. ಸುಮಾರು ಹತ್ತು ವಾರ ಕೀಮೋ, ಆಮೇಲೆ ಆಪರೇಷನ್, ಆಮೇಲೆ ಮತ್ತೆ ಕೀಮೋ. 1970ಕ್ಕಿಂತ ಮುಂಚೆ ಕಾಲು ತೆಗೆದರೂ ಐದರಲ್ಲಿ ಒಬ್ಬರು ಉಳಿಯುವುದೇ ಕಷ್ಟ ಇತ್ತು. ಈಗ ಬೇರೆ ಕಡೆ ಹರಡಿರದಿದ್ದರೆ ನೂರಕ್ಕೆ 60ರಿಂದ 70 ಜನ ಐದು ವರ್ಷ ದಾಟುತ್ತಾರೆ. ಬಹಳ ಜನರಿಗೆ ಕಾಲನ್ನೂ ಉಳಿಸುತ್ತಾರೆ. ಇದೆಲ್ಲ ಆಗಿದ್ದು ಕೀಮೋದಿಂದ. ನಡುವೆ ಬಿಟ್ಟು ಎಲ್ಲೋ ಹೋಗಿ ತಿಂಗಳೆರಡು ತಿಂಗಳು ಆದಮೇಲೆ ಪುಪ್ಪಸದಲ್ಲಿ ಗಂಟು ತಗೊಂಡು ತಿರುಗಿ ಬಂದ ಮಕ್ಕಳನ್ನು ಕಂಡಿದ್ದೇನೆ. ಆಗ ಡಾಕ್ಟರ ಕೈಯಲ್ಲೂ ಜಾಸ್ತಿ ಏನೂ ಇರುವುದಿಲ್ಲ.

ಮತ್ತೊಂದು, ಇದನ್ನು ಓದುತ್ತಿರೋ ಎಲ್ಲರಿಗೂ. ಬೆಳೆಯುವ ವಯಸ್ಸಿನ ಹುಡುಗರಿಗೆ ಮೊಣಕಾಲಿನ ಮೇಲೆ ಕೆಳಗೆ ಬಾವು ಬಂದು, ರಾತ್ರಿ ನೋವು ಜಾಸ್ತಿ ಆಗುತ್ತಿದ್ದರೆ ತಿಕ್ಕಿಸಬೇಡಿ. ನಮ್ಮ ಕಡೆ ಎಲುಬು ಕಟ್ಟುವವರ ಹತ್ತಿರ ಹೋಗಿ ಎಣ್ಣೆ ಹಚ್ಚಿಸಿ, ತಿಕ್ಕಿಸಿ, ಬಿದಿರು ಪಟ್ಟಿ ಕಟ್ಟಿಸಿ, ಎಲ್ಲ ಆದಮೇಲೆ ಎಕ್ಸ್‌ರೇ ತೆಗೆಸುತ್ತಾರೆ. ಮೊದಲು ಎಕ್ಸ್‌ರೇ. ಅನುಮಾನ ಇದೆ ಅಂದರೆ ಬಯಾಪ್ಸಿಯನ್ನು ಆಪರೇಷನ್ ಮಾಡುವ ಆಸ್ಪತ್ರೆಯಲ್ಲೇ ಮಾಡಿಸಿ, ಯಾಕಂದರೆ ಸೂಜಿ ಹೋದ ದಾರಿಯನ್ನೂ ಸರ್ಜನ್ ಕತ್ತರಿಸಿ ತೆಗೆಯಬೇಕಾಗುತ್ತದೆ. ಎಲ್ಲೆಂದರಲ್ಲಿ ಚುಚ್ಚಿಸಿದರೆ ಉಳಿಯಬೇಕಾದ ಕಾಲು ಹೋಗುವುದೂ ಇದೆ.

ಮಾರ್ಕರ್ ವಿಷಯ ಲ್ಯಾಬಿನವರು ಹೇಳಲಿ.

ಕೋಶ_ಕಾಯಕ

ಅಕ್ಕ ಹೇಳಿದ್ದು ಅಕ್ಷರಶಃ ಸರಿ. ಈಗ ಮಾರ್ಕರ್ ಕಡೆ ಬರುತ್ತೇನೆ. ನಾನು ಶಹಾಪುರದವನು, ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಕೆಲಸ ಇದರ ಹತ್ತಿರದ್ದೇ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಈ ವಿಚಾರ ಹುಟ್ಟಿದ್ದು ರಕ್ತದ ಕ್ಯಾನ್ಸರ್‌ನಲ್ಲಿ. 1997ರಲ್ಲಿ ಬಾನೆಟ್ ಮತ್ತು ಡಿಕ್ ಅನ್ನುವ ವಿಜ್ಞಾನಿಗಳು, ಸಿಡಿ34 ಇದ್ದು ಸಿಡಿ38 ಇಲ್ಲದ ಕೋಶಗಳೇ ಇಲಿಯಲ್ಲಿ ಲ್ಯುಕೇಮಿಯಾ ಹುಟ್ಟಿಸುತ್ತವೆ ಅಂತ ತೋರಿಸಿದರು. 2003ರಲ್ಲಿ ಸ್ತನದ ಕ್ಯಾನ್ಸರ್‌ನಲ್ಲಿ ಸಿಡಿ44 ಬಂತು. 2005ರಲ್ಲಿ ಫ್ಲೋರಿಡಾದ ಒಂದು ತಂಡ ಎಲುಬಿನ ಸಾರ್ಕೋಮಾ ಕೋಶಗಳನ್ನು ಸೀರಂ ಇಲ್ಲದೆ, ತಳಕ್ಕೆ ಅಂಟಲು ಬಿಡದೆ ಬೆಳೆಸಿತು. ಅಲ್ಲಿ ಚಿಕ್ಕ ಚಿಕ್ಕ ಉಂಡೆಗಳು ಬೆಳೆದವು, ಅವನ್ನೇ ಸಾರ್ಕೋಸ್ಫಿಯರ್ ಅನ್ನುವುದು. ಆಮೇಲೆ ಒಬ್ಬೊಬ್ಬರು ಒಂದೊಂದು ಮಾರ್ಕರ್ ಹಿಡಿದುಕೊಂಡು ಹೊರಟರು. ಯೂವಿಂಗ್ ಸಾರ್ಕೋಮಾದಲ್ಲಿ ಸಿಡಿ133, ಆಸ್ಟಿಯೋಸಾರ್ಕೋಮಾದಲ್ಲಿ ಸಿಡಿ117 ಮತ್ತು ಸ್ಟ್ರೋ-1 ಜೋಡಿ, ಹೀಗೆ.

ರಕ್ತದಲ್ಲಿ ಇದು ಹೊಂದಿಕೊಂಡಿತು, ಯಾಕಂದರೆ ಅಲ್ಲಿ ತಾಯಿ ಕೋಶ ಯಾವುದು, ಅದರಿಂದ ಮುಂದೆ ಯಾವುದು, ಯಾವ ಹಂತದಲ್ಲಿ ಯಾವ ಮಾರ್ಕರ್ ಅನ್ನೋದು ಮೊದಲೇ ಗೊತ್ತಿತ್ತು. ಸಾರ್ಕೋಮಾದಲ್ಲಿ 70ಕ್ಕೂ ಹೆಚ್ಚು ಬಗೆ ಇವೆ, ಎಷ್ಟೋ ಬಗೆಗೆ ಮೂಲ ಕೋಶ ಯಾವುದು ಅನ್ನೋದೇ ಇನ್ನೂ ಚರ್ಚೆಯಲ್ಲಿದೆ.

ಅದಕ್ಕಿಂತ ದೊಡ್ಡ ತೊಡಕು, ಸಾರ್ಕೋಮಾ ಬರುವುದೇ ಮೆಸೆಂಕೈಮ್ ಕಡೆಯಿಂದ, ಅಂದರೆ ಎಲುಬು, ಸ್ನಾಯು, ಕೊಬ್ಬು ಆಗುವ ಮೂಲ ಅಂಗಾಂಶದಿಂದ. ಆರೋಗ್ಯವಂತ ಮನುಷ್ಯನ ಮಜ್ಜೆಯಲ್ಲಿರುವ ಮೆಸೆಂಕೈಮಲ್ ಕೋಶವನ್ನು ಗುರುತಿಸುವುದು ಹೇಗೆ ಅಂತ 2006ರಲ್ಲಿ ಅಂತರರಾಷ್ಟ್ರೀಯ ನಿಯಮ ಮಾಡಿದರು. ಸಿಡಿ73, ಸಿಡಿ90, ಸಿಡಿ105 ಇರಬೇಕು ಅಂತ. ಈಗ ನಿಮ್ಮ ಪೇಪರ್‌ಗಳಲ್ಲಿ ಸಾರ್ಕೋಮಾ ಸ್ಟೆಮ್ ಸೆಲ್ ಮಾರ್ಕರ್ ಪಟ್ಟಿ ತೆಗೆದು ನೋಡಿ. ಸಿಡಿ90, ಸಿಡಿ105 ಅಲ್ಲೂ ಇರುತ್ತವೆ. ಕಳ್ಳನಿಗೂ ಮನೆಯವರಿಗೂ ಒಂದೇ ಗುರುತಾದರೆ ವಿಷ ಕಟ್ಟಿದ ಆ್ಯಂಟಿಬಾಡಿ ಯಾರನ್ನು ಬಿಡುತ್ತದೆ?

ಇದು ಬರೀ ಊಹೆ ಅಲ್ಲ. ಸಿಡಿ44ರ ಒಂದು ರೂಪ ವಿ6. ಅದಕ್ಕೆ ವಿಷ ಕಟ್ಟಿದ ಬಿವಾಟುಜುಮ್ಯಾಬ್ ಅನ್ನುವ ಆ್ಯಂಟಿಬಾಡಿಯನ್ನು ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷೆ ಮಾಡಿದರು. ಆ ವಿ6 ಚರ್ಮದ ಕೋಶಗಳ ಮೇಲೂ ಇದೆ. ಒಬ್ಬ ರೋಗಿಯ ಚರ್ಮ ಸುಟ್ಟಂತೆ ಕಿತ್ತು ಬಂದು ಜೀವವೇ ಹೋಯಿತು, ಔಷಧಿಯನ್ನು ಅಲ್ಲಿಗೇ ನಿಲ್ಲಿಸಿದರು. ಸೆಮಿನಾರ್‌ನಲ್ಲಿ ಇದನ್ನು ಖಂಡಿತ ಹೇಳಿ, ಮಾರ್ಕರ್ ಆರಿಸೋದು ಎಷ್ಟು ಜವಾಬ್ದಾರಿಯ ಕೆಲಸ ಅಂತ ಗೊತ್ತಾಗುತ್ತದೆ.

ಮೂರನೇ ತೊಡಕು ಇನ್ನೂ ಸೂಕ್ಷ್ಮ. ಸಿಡಿ133 ಇರುವ ಕೋಶ, ಇಲ್ಲದ ಕೋಶ ಅಂತ ಬೇರೆ ಬೇರೆ ಮಾಡಿ ಬೆಳೆಸಿ. ಎಷ್ಟೋ ಸಲ ಇಲ್ಲದ ಕಡೆಯೇ ಕೆಲವು ದಿನಕ್ಕೆ ಮತ್ತೆ ಸಿಡಿ133 ಇರುವ ಕೋಶಗಳು ಕಾಣಿಸಿಕೊಳ್ಳುತ್ತವೆ. ಸ್ಟೆಮ್ ಸೆಲ್ ಗುಣ ಅನ್ನುವುದು ಕೆಲವೇ ಕೋಶಗಳು ಹುಟ್ಟಿನಿಂದ ಪಡೆದ ಜಾತಿ ಅಲ್ಲ. ಕೀಮೋ, ಆಮ್ಲಜನಕದ ಕೊರತೆ, ಸುತ್ತಲಿನ ಅಂಗಾಂಶ, ಇವೆಲ್ಲ ನೋಡಿಕೊಂಡು ಕೋಶ ಆ ಸ್ಥಿತಿಗೆ ಹೋಗುತ್ತದೆ, ಬರುತ್ತದೆ. ಹಾಗಾಗಿ ಇವತ್ತು ಗುರುತು ಇರುವವನ್ನು ಮಾತ್ರ ಕೊಂದರೆ ನಾಳೆ ಉಳಿದವು ಆ ಜಾಗಕ್ಕೆ ಬರುತ್ತವೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಮಾರ್ಕರ್ ಬೇರೆ, ಟಾರ್ಗೆಟ್ ಬೇರೆ. ಕೆಎ 32 ನಂಬರ್ ಪ್ಲೇಟ್ ನೋಡಿ ಗಾಡಿ ಕಲಬುರಗಿದು ಅಂತ ಹೇಳಬಹುದು, ಆದರೆ ಪ್ಲೇಟ್ ಕಿತ್ತು ಹಾಕಿದರೆ ಗಾಡಿ ನಿಲ್ಲುತ್ತದಾ? ಎಂಜಿನ್‌ಗೆ ಕೈ ಹಾಕಬೇಕು. ಸಾರ್ಕೋಮಾದಲ್ಲಿ ಮೇಲ್ಮೈ ಪ್ರೋಟೀನೇ ಎಂಜಿನ್ ಆಗಿರುವ ಒಂದು ಉದಾಹರಣೆ ಇದೆ, ಜಠರ-ಕರುಳಿನ ಜಿಐಎಸ್‌ಟಿ ಗಡ್ಡೆ. ಅದರ ಮೇಲಿನ ಸಿಡಿ117 ಅಂದರೆ ಕಿಟ್ ರಿಸೆಪ್ಟರ್, ಕೋಶಕ್ಕೆ ಬೆಳೆ ಅನ್ನುವ ಸಂದೇಶ ಕೊಡುವ ಪ್ರೋಟೀನ್. ಬಹುತೇಕ ಜಿಐಎಸ್‌ಟಿಗಳಲ್ಲಿ ಅದೇ ಕೆಟ್ಟು ಸದಾ ಚಾಲೂ ಇರುತ್ತದೆ. ಇಮ್ಯಾಟಿನಿಬ್ ಅನ್ನುವ ಮಾತ್ರೆ ಅದನ್ನು ಬಂದ್ ಮಾಡುತ್ತದೆ. 2002ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ಹರಡಿದ ಜಿಐಎಸ್‌ಟಿ ರೋಗಿಗಳ ಬದುಕೇ ಬದಲಾಯಿತು. ಆದರೆ ಅಲ್ಲೂ ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ರೋಗ ಮತ್ತೆ ಬೆಳೆಯುತ್ತದೆ. ಅಂದರೆ ಒಳಗೆ ಕೆಲವು ಕೋಶ ಸುಮ್ನೆ ಮಲಗಿ ಕಾಯುತ್ತಿರುತ್ತವೆ. ಅದೇ ಸಿಡಿ117 ಆಸ್ಟಿಯೋಸಾರ್ಕೋಮಾದಲ್ಲಿ ಬರೀ ಪ್ಲೇಟ್. ಅಲ್ಲಿ ಇಮ್ಯಾಟಿನಿಬ್‌ನಿಂದ ಇಂಥ ಫಲ ಬರಲಿಲ್ಲ.

ಇದರ ಪಕ್ಕದಲ್ಲೇ ಒಲಾರಾಟುಮ್ಯಾಬ್ ಕಥೆ ಇಟ್ಟು ನೋಡಿ. ಪಿಡಿಜಿಎಫ್ ರಿಸೆಪ್ಟರ್ ಆಲ್ಫಾ ಅನ್ನುವ ಮೇಲ್ಮೈ ಪ್ರೋಟೀನಿಗೆ ಅಂಟುವ ಆ್ಯಂಟಿಬಾಡಿ. ಎರಡನೇ ಹಂತದ ಟ್ರಯಲ್‌ನಲ್ಲಿ ಡಾಕ್ಸೊರುಬಿಸಿನ್ ಜೊತೆ ಕೊಟ್ಟಾಗ ಸರಾಸರಿ ಬದುಕು 14.7 ತಿಂಗಳಿಂದ 26.5 ತಿಂಗಳಿಗೆ ಏರಿತು. 2016ರಲ್ಲಿ ಅವಸರದ ಒಪ್ಪಿಗೆಯೂ ಸಿಕ್ಕಿತು. 2019ರಲ್ಲಿ ದೊಡ್ಡ ಟ್ರಯಲ್‌ನ ಫಲಿತಾಂಶ ಬಂದಾಗ 19.7 ಮತ್ತು 20.4 ತಿಂಗಳು, ಅಂದರೆ ವ್ಯತ್ಯಾಸವೇ ಇಲ್ಲ. ಔಷಧಿ ಮಾರುಕಟ್ಟೆಯಿಂದ ವಾಪಸ್ ಹೋಯಿತು. ಇದನ್ನು ಓದಿದ ದಿನ ನನಗೆ ಬಹಳ ಬೇಜಾರಾಗಿತ್ತು, ಯಾಕಂದರೆ ಸಾರ್ಕೋಮಾಗೆ ಹೊಸ ಔಷಧಿ ಬರುವುದೇ ಅಪರೂಪ.

ಯಾದಗಿರಿ_ಲ್ಯಾಬ್

ಕಾಯಕ ಅವರ ಮಾತಿಗೆ ಬೆಂಚಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಫ್ಲೋ ಸೈಟೋಮೀಟರ್, ಅಂದರೆ ಒಂದೊಂದೇ ಕೋಶದ ಮಾರ್ಕರ್ ನೋಡುವ ಮಿಷನ್, ನಡೆಸುವ ಟೆಕ್ನಿಷಿಯನ್.

ಪೇಪರ್‌ನಲ್ಲಿ "ಶೇಕಡಾ ಇಷ್ಟು ಕೋಶಗಳಲ್ಲಿ ಸಿಡಿ133 ಇತ್ತು" ಅಂತ ಓದಿದರೆ ತಕ್ಷಣ ನಂಬಬೇಡಿ, ವಿಧಾನದ ಭಾಗ ತೆಗೆದು ನೋಡಿ. ಗಡ್ಡೆಯ ತುಂಡನ್ನು ಬ್ಲೇಡಿನಿಂದ ಸಣ್ಣಗೆ ಕೊಚ್ಚಿ, ಅಂಗಾಂಶ ಬಿಡಿಸುವ ಕೊಲಾಜಿನೇಸ್ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಬಿಟ್ಟು, ಜಾಲರಿಯಲ್ಲಿ ಸೋಸಿ ಒಂಟಿ ಕೋಶಗಳನ್ನು ಮಾಡಿಕೊಳ್ಳುತ್ತೇವೆ. ಅವಸರಕ್ಕೆ ಟ್ರಿಪ್ಸಿನ್ ಅನ್ನುವ ಬಿರುಸಾದ ಕಿಣ್ವ ಹಾಕಿ ಜಾಸ್ತಿ ಹೊತ್ತು ಬಿಟ್ಟರೆ ಅದು ಮೇಲ್ಮೈ ಪ್ರೋಟೀನುಗಳನ್ನೇ ಕತ್ತರಿಸಿ ಹಾಕುತ್ತದೆ, ಇದ್ದ ಮಾರ್ಕರ್ ಇಲ್ಲ ಅಂತ ಬರುತ್ತದೆ. ಸತ್ತ ಕೋಶಗಳ ಕಥೆ ಉಲ್ಟಾ. ಅವು ಯಾವ ಆ್ಯಂಟಿಬಾಡಿ ಹಾಕಿದರೂ ಅಂಟಿಸಿಕೊಳ್ಳುತ್ತವೆ. ಸತ್ತವನ್ನು ಬೇರ್ಪಡಿಸುವ ಡೈ ಹಾಕದೆ ನೋಡಿದರೆ ಇಲ್ಲದ ಮಾರ್ಕರ್ ಇದೆ ಅಂತ ಕಾಣುತ್ತದೆ. ಹುಡುಕುತ್ತಿರುವುದೇ ನೂರಕ್ಕೆ ಒಂದೋ ಎರಡೋ ಕೋಶ, ಅಷ್ಟು ತಪ್ಪು ಸತ್ತ ಕೋಶಗಳಿಂದಲೇ ಬಂದುಬಿಡಬಹುದು.

ಸಿಡಿ133ದು ಇನ್ನೊಂದು ತಕರಾರು. ಎಲ್ಲರೂ ಬಳಸುವ ಎಸಿ133 ಆ್ಯಂಟಿಬಾಡಿಗೆ ಆ ಪ್ರೋಟೀನಿಗೆ ಸಕ್ಕರೆ ಅಂಟಿರುವ ರೀತಿ ಸರಿಯಾಗಿದ್ದರೆ ಮಾತ್ರ ಅದು ಕಾಣುತ್ತದೆ. ಕಾಣಲಿಲ್ಲ ಅಂದಮಾತ್ರಕ್ಕೆ ಪ್ರೋಟೀನ್ ಇಲ್ಲ ಅಂತ ಅಲ್ಲ. ಎಲುಬಿನ ಗಡ್ಡೆಯನ್ನು ಸ್ಲೈಡ್ ಮಾಡಿ ನೋಡುವುದಾದರೆ ಮೊದಲು ಸುಣ್ಣದ ಅಂಶ ತೆಗೆಯಬೇಕು. ಅದಕ್ಕೆ ಬಿರುಸಾದ ಆಸಿಡ್ ಬಳಸಿದರೆ ಮಾರ್ಕರ್ ಹಾಳಾಗುತ್ತದೆ. ಸುಣ್ಣವನ್ನು ಮೆಲ್ಲಗೆ ಹಿಡಿದು ತೆಗೆಯುವ ಇಡಿಟಿಎ ನಿಧಾನ, ಆದರೆ ಅದೇ ವಾಸಿ. ಎರಡು ಲ್ಯಾಬಿನ ಲೆಕ್ಕ ಹೊಂದದೇ ಇರೋದಕ್ಕೆ ಅರ್ಧ ಕಾರಣ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಆಳಂದದ_ಹುಡುಗಿ

ಅಕ್ಕಾ, ಫೋನ್ ಮಾಡಿದೆ. ಮೆಥೊಟ್ರೆಕ್ಸೇಟ್ ಆದಮೇಲೆ ಹುಡುಗನ ಬಾಯೆಲ್ಲ ಹುಣ್ಣಾಗಿ ರೊಟ್ಟಿ ಮುಟ್ಟುತ್ತಿಲ್ಲವಂತೆ, ಅದನ್ನು ನೋಡಲಾರದೆ ಅವರು ಬೇರೆ ದಾರಿ ಹುಡುಕುತ್ತಿದ್ದರು. ನಂಬರ್ ಕೇಳಿ ಅಂದೆ. ಆ ಸೆಂಟರಿನವರು ಸಿಟಿಆರ್‌ಐ ಅಂದರೆ ಏನು ಅಂತ ಅವರನ್ನೇ ತಿರುಗಿ ಕೇಳಿದರಂತೆ. ಈಗ ಹೋಗುವುದಿಲ್ಲ ಅಂದಿದ್ದಾರೆ.

ಕಾಯಕ ಅಣ್ಣಾ, ಹಾಗಾದರೆ ಸ್ಟೆಮ್ ಸೆಲ್ ಮಾರ್ಕರ್ ಹಿಡಿಯುವುದೇ ವ್ಯರ್ಥವಾ? ಬಿ7-ಎಚ್3, ಜಿಡಿ2, ಎಚ್‌ಇಆರ್2 ಅಂತ ಹೊಸ ಪೇಪರ್‌ಗಳಲ್ಲಿ ಬರುತ್ತಿದೆಯಲ್ಲ, ಅವು ಯಾವ ಲೆಕ್ಕ?

ವಾರ್ಡ್_ಅಕ್ಕ

ಒಳ್ಳೆಯ ಕೆಲಸ ಮಾಡಿದಿರಿ ತಂಗಿ. ಬಾಯಿ ಹುಣ್ಣಿನ ವಿಷಯ ಡಾಕ್ಟರಿಗೆ ಹೇಳಲೇಬೇಕು, ಸಹಿಸಿಕೊಂಡು ಕೂರಬಾರದು. ಮೆಥೊಟ್ರೆಕ್ಸೇಟ್ ಆದಮೇಲೆ ಅದರ ಕೆಟ್ಟ ಪರಿಣಾಮ ತಗ್ಗಿಸಲು ಲ್ಯುಕೋವೊರಿನ್ ಕೊಡುತ್ತಾರೆ, ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ಲ್ಯುಕೋವೊರಿನ್ ಹೊತ್ತು ತಪ್ಪಬಾರದು. ರೊಟ್ಟಿ ಆಗದಿದ್ದರೆ ಗಂಜಿ, ಮೆತ್ತಗಿನ ಅನ್ನ, ಬೇಳೆ ಕಟ್ಟು ಕೊಡಲಿ, ಖಾರ ಬೇಡ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬಾರದು, ರಾತ್ರಿಯೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕೋಶ_ಕಾಯಕ

ವ್ಯರ್ಥ ಅಲ್ಲ ತಂಗಿ. ಆದರೆ ಪ್ರಶ್ನೆ ಬದಲಾಗಿದೆ. ಮೊದಲು "ಸ್ಟೆಮ್ ಸೆಲ್ ಮೇಲೆ ಮಾತ್ರ ಇರುವ ಗುರುತು ಯಾವುದು" ಅಂತ ಹುಡುಕುತ್ತಿದ್ದರು. ಈಗ "ಗಡ್ಡೆಯ ಹೆಚ್ಚಿನ ಕೋಶಗಳ ಮೇಲೂ ಇದ್ದು, ಆ ಸ್ಟೆಮ್ ಸೆಲ್ ಥರದವನ್ನೂ ಬಿಡದೆ, ಆರೋಗ್ಯವಂತ ಅಂಗಾಂಶದಲ್ಲಿ ಕಡಿಮೆ ಇರುವ ಗುರುತು ಯಾವುದು" ಅಂತ ಹುಡುಕುತ್ತಿದ್ದಾರೆ. ಹೀಗೆ ನೋಡಿದರೆ ಕೋಶ ಆಕಡೆ ಈಕಡೆ ಸ್ಥಿತಿ ಬದಲಾಯಿಸಿದರೂ ತಪ್ಪಿಸಿಕೊಳ್ಳುವ ದಾರಿ ಕಡಿಮೆ.

ಎಚ್‌ಇಆರ್2 ಅನ್ನುವ ಮೇಲ್ಮೈ ಪ್ರೋಟೀನ್ ಇದಕ್ಕೆ ಚೆನ್ನಾದ ಉದಾಹರಣೆ. ಆಸ್ಟಿಯೋಸಾರ್ಕೋಮಾದಲ್ಲಿ ಅದರ ಪ್ರಮಾಣ ಕಡಿಮೆ, ಹಾಗಾಗಿ ಸ್ತನದ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಇಲ್ಲಿ ಸಹಾಯ ಮಾಡಲಿಲ್ಲ. ಆದರೆ ಕಾರ್-ಟಿ ಕೋಶಗಳಿಗೆ, ಅಂದರೆ ಗುರುತು ಹುಡುಕಿ ಕೊಲ್ಲುವಂತೆ ಲ್ಯಾಬ್‌ನಲ್ಲಿ ಬದಲಾಯಿಸಿದ ರೋಗನಿರೋಧಕ ಟಿ ಕೋಶಗಳಿಗೆ, ಅಷ್ಟು ಕಡಿಮೆ ಇದ್ದರೂ ಸಾಕು. ಹ್ಯೂಸ್ಟನ್‌ನ ಬೇಲರ್ ಕಾಲೇಜಿನವರು 2012ರಲ್ಲಿ, ಎಚ್‌ಇಆರ್2 ಗುರಿ ಇಟ್ಟ ಟಿ ಕೋಶಗಳು ಸಾರ್ಕೋಸ್ಫಿಯರ್ ಕಟ್ಟುವ ಕೋಶಗಳನ್ನೂ ಕೊಲ್ಲುತ್ತವೆ ಅಂತ ತೋರಿಸಿದರು. ನಿಮ್ಮ ವಿಷಯಕ್ಕೆ ನೇರವಾಗಿ ಸೇರುವ ಕೆಲಸ ಇದು. 2015ರಲ್ಲಿ 19 ಸಾರ್ಕೋಮಾ ರೋಗಿಗಳ ಫಲಿತಾಂಶ ಹೊರತಂದರು. ಅಪಾಯ ಆಗಲಿಲ್ಲ, ಕೆಲವರಲ್ಲಿ ರೋಗ ಕೆಲಕಾಲ ನಿಂತಿತು. ಗಡ್ಡೆ ಕರಗಿಸುವ ಮಟ್ಟಕ್ಕೆ ಹೋಗಲಿಲ್ಲ.

ಜಿಡಿ2 ಪ್ರೋಟೀನ್ ಅಲ್ಲ, ಸಕ್ಕರೆ ಕೂಡಿದ ಒಂದು ಕೊಬ್ಬು. ಮಕ್ಕಳ ನರಕೋಶದ ಕ್ಯಾನ್ಸರ್ ಆದ ನ್ಯೂರೋಬ್ಲಾಸ್ಟೋಮಾದಲ್ಲಿ ಅದಕ್ಕೆ ಅಂಟುವ ಆ್ಯಂಟಿಬಾಡಿ ಡಿನುಟುಕ್ಸಿಮ್ಯಾಬ್‌ಗೆ 2015ರಲ್ಲಿ ಒಪ್ಪಿಗೆ ಸಿಕ್ಕಿದೆ. ಆಸ್ಟಿಯೋಸಾರ್ಕೋಮಾದಲ್ಲಿ ಟ್ರಯಲ್ ಮಾಡಿದಾಗ ಇಟ್ಟುಕೊಂಡ ಗುರಿ ಮುಟ್ಟಲಿಲ್ಲ. ನರಗಳ ಮೇಲೂ ಜಿಡಿ2 ಇರುವುದರಿಂದ ವಿಪರೀತ ನೋವು ಬರುತ್ತದೆ.

ನನಗೆ ಈಗ ಜಾಸ್ತಿ ಭರವಸೆ ಇರುವುದು ಬಿ7-ಎಚ್3 ಅನ್ನುವ ಮೇಲ್ಮೈ ಪ್ರೋಟೀನಿನ ಮೇಲೆ. ಅದಕ್ಕೆ ಆ್ಯಂಟಿಬಾಡಿಯ ಜೊತೆ ವಿಷ ಕಟ್ಟಿದ ಔಷಧಿಗಳು ಟ್ರಯಲ್‌ನಲ್ಲಿವೆ. ಅವುಗಳಲ್ಲಿ ಒಂದಕ್ಕೆ, ಮರಳಿ ಬಂದ ಆಸ್ಟಿಯೋಸಾರ್ಕೋಮಾಗೆ ಅಂತಲೇ, 2025ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಬ್ರೇಕ್‌ಥ್ರೂ ದರ್ಜೆ ಕೊಟ್ಟಿತು. ದರ್ಜೆ ಅಂದರೆ ಒಪ್ಪಿಗೆ ಅಲ್ಲ, ಬೇಗ ಪರಿಶೀಲಿಸುತ್ತೇವೆ ಅಂತ ಅಷ್ಟೇ. ಇಂಥ ಔಷಧಿಯಲ್ಲಿ ವಿಷ ಕೋಶದೊಳಗೆ ಬಿಡುಗಡೆಯಾಗಿ ಪಕ್ಕದ ಕೋಶಗಳಿಗೂ ಸೋರುತ್ತದೆ. ಹಾಗಾಗಿ ಗುರುತು ಇಲ್ಲದ ಪಕ್ಕದ ಕೋಶವೂ ಸಾಯಬಹುದು. ಮೇಲೆ ನಾನು ಹೇಳಿದ ಮೂರನೇ ತೊಡಕಿಗೆ ಇದು ಒಂದು ಮಟ್ಟಿಗೆ ಉತ್ತರ.

ಸೆಮಿನಾರ್‌ನಲ್ಲಿ ಯಾರಾದರೂ "ಭಾರತದಲ್ಲಿ ಕಾರ್-ಟಿ ಇದೆಯಲ್ಲ" ಅಂತ ಕೇಳಿಯೇ ಕೇಳುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಜೊತೆಗೂಡಿ ಮಾಡಿದ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ರಕ್ತದ ಕ್ಯಾನ್ಸರ್‌ಗೆ. ಅದರ ಗುರಿ ಸಿಡಿ19, ಅದು ರಕ್ತದ ಬಿ ಕೋಶಗಳ ಮೇಲೆ ಇರುತ್ತದೆ. ಆರೋಗ್ಯವಂತ ಬಿ ಕೋಶಗಳೂ ಸಾಯುತ್ತವೆ, ಆದರೆ ಅವಿಲ್ಲದೆ ಮನುಷ್ಯ ಬದುಕಬಲ್ಲ. ಚರ್ಮ, ಪುಪ್ಪಸ, ಮಜ್ಜೆ ಇಲ್ಲದೆ ಬದುಕಲಾರ. ಸಾರ್ಕೋಮಾಗೆ ಗುರಿ ಹುಡುಕುವಾಗ ಕೈ ಕಟ್ಟುವುದು ಇದೇ.

ಬೀದರ್_ಪಶುವೈದ್ಯ

ನಾನು ಬೀದರಿನಲ್ಲಿ ಓದಿದ ಪಶುವೈದ್ಯ. ಈ ಚರ್ಚೆಯಲ್ಲಿ ನಾಯಿಯ ಮಾತು ಬರಲೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳಲ್ಲಿ ಆಸ್ಟಿಯೋಸಾರ್ಕೋಮಾ ಬಹಳ ಸಾಮಾನ್ಯ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1000 ಜನರಿಗೆ ಬಂದರೆ ನಾಯಿಗಳಲ್ಲಿ 10,000ಕ್ಕಿಂತ ಜಾಸ್ತಿ ಅಂತ ಅಂದಾಜು. ಮನುಷ್ಯರಲ್ಲಿ ಇದ್ದಂತೆಯೇ ಉದ್ದ ಎಲುಬಿನ ತುದಿಯಲ್ಲಿ ಬಂದು ಪುಪ್ಪಸಕ್ಕೆ ಹೋಗುತ್ತದೆ. ಕುಂಟುತ್ತಿದೆ, ಉಳುಕಿರಬೇಕು ಅಂತ ನೋವಿನ ಗುಳಿಗೆ ಕೊಡಿಸಿಕೊಂಡು ಹೋಗುತ್ತಾರೆ. ಎಕ್ಸ್‌ರೇ ತೆಗೆದರೆ ಎಲುಬು ಗೆದ್ದಲು ತಿಂದ ಹಾಗೆ ಕಾಣುತ್ತದೆ, ಆ ಹೊತ್ತಿಗೆ ಹೆಚ್ಚಿನವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ರೋಗ ಹರಡಿ ಆಗಿರುತ್ತದೆ.

ನಿಮ್ಮ ವಿಷಯಕ್ಕೆ ಇದು ಯಾಕೆ ಬೇಕು ಅಂದರೆ, ಸ್ಟೆಮ್ ಸೆಲ್ ಪರೀಕ್ಷೆ ಬಹಳ ಮಟ್ಟಿಗೆ ನಡೆಯುವುದು ರೋಗನಿರೋಧಕ ಶಕ್ತಿ ಇಲ್ಲದ ಇಲಿಯಲ್ಲಿ. ಅಂಥ ಇಲಿಯಲ್ಲಿ ಗಡ್ಡೆ ಕಟ್ಟಿದ ಕೋಶವೇ ಸ್ಟೆಮ್ ಸೆಲ್ ಅಂದುಬಿಟ್ಟರೆ, ಬೇರೆ ಕೋಶಗಳಿಗೆ ಇಲಿಯ ಮೈ ಒಗ್ಗಲಿಲ್ಲವೋ ಏನೋ ಅನ್ನುವ ಸಂಶಯ ಉಳಿದೇ ಉಳಿಯುತ್ತದೆ. ನಾಯಿಯಲ್ಲಿ ರೋಗ ತಾನಾಗಿ ಬರುತ್ತದೆ, ನಿರೋಧಕ ಶಕ್ತಿ ಸರಿಯಿರುತ್ತದೆ, ನಮ್ಮ ಜೊತೆಗೇ ಅದೇ ಮನೆ ಅದೇ ಗಾಳಿಯಲ್ಲಿ ಬದುಕುತ್ತದೆ. ಮಿಫಾಮುರ್ಟೈಡ್ ಅನ್ನುವ ಆಸ್ಟಿಯೋಸಾರ್ಕೋಮಾ ಔಷಧಿ ಮೊದಲು ನಾಯಿಗಳಲ್ಲಿ ಫಲ ಕೊಟ್ಟು ಆಮೇಲೆ ಮನುಷ್ಯರಿಗೆ ಬಂತು, ಯುರೋಪಿನಲ್ಲಿ 2009ರಲ್ಲಿ ಒಪ್ಪಿಗೆಯಾಯಿತು. ನಮ್ಮ ಭಾಗದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇದೆ, ಕಲಬುರಗಿಯಿಂದ ಬಸ್ ಹತ್ತಿದರೆ ಮೂರು ತಾಸಿನ ದಾರಿ. ನಾಯಿಯ ಗಡ್ಡೆಯ ತುಂಡು ಮತ್ತು ಮಾರ್ಕರ್ ನೋಡುವ ಮಿಷನ್ ಎರಡನ್ನೂ ಒಂದು ಕಡೆ ಸೇರಿಸಿದರೆ ನಮ್ಮ ಹುಡುಗರು ಇಲ್ಲೇ ಒಳ್ಳೆಯ ಕೆಲಸ ಮಾಡಬಹುದು ಅನ್ನುವುದು ನನ್ನ ಬಹಳ ದಿನದ ಆಸೆ.

ಆಳಂದದ_ಹುಡುಗಿ

ಸರ್, ನಾಲ್ಕನೇ ಸೆಮಿಸ್ಟರ್‌ನಲ್ಲಿ ನನ್ನ ಪ್ರಾಜೆಕ್ಟ್ ಇದೆ. ಇದನ್ನೇ ಮಾಡಬೇಕು ಅನಿಸುತ್ತಿದೆ. ಬೀದರಿಗೆ ಬಂದರೆ ಯಾವ ವಿಭಾಗದಲ್ಲಿ ಕೇಳಬೇಕು?

ಬೀದರ್_ಪಶುವೈದ್ಯ

ಪೆಥಾಲಜಿ ವಿಭಾಗ, ಆಮೇಲೆ ಸರ್ಜರಿ. ನಿಮ್ಮ ಗೈಡ್ ಹತ್ತಿರ ಒಂದು ಪತ್ರ ಬರೆಸಿಕೊಂಡು ಬನ್ನಿ. ಒಂದು ವರ್ಷದಲ್ಲಿ ಹೊಸ ಗಡ್ಡೆಗಳು ಎಷ್ಟು ಬರುತ್ತವೆ ಅನ್ನೋದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಮೇಣದಲ್ಲಿ ಕೂಡಿಸಿಟ್ಟ ಹಳೆಯ ಬ್ಲಾಕ್‌ಗಳು ಇವೆಯಾ ಅಂತ ಮೊದಲು ಕೇಳಿ. ಒಂದೇ ಮಾರ್ಕರ್ ತಗೊಳ್ಳಿ, ಬಿ7-ಎಚ್3 ಆದರೆ ಒಳ್ಳೆಯದು. ಆದರೆ ಮನುಷ್ಯರ ಆ್ಯಂಟಿಬಾಡಿ ನಾಯಿಯ ಪ್ರೋಟೀನಿಗೆ ಅಂಟುತ್ತದೆಯಾ ಅಂತ ಖಾತ್ರಿ ಮಾಡಿಕೊಳ್ಳದೆ ಕೊಳ್ಳಬೇಡಿ, ಒಂದೊಂದು ಬಾಟಲಿಯೂ ದುಬಾರಿ.

ಯಾದಗಿರಿ_ಲ್ಯಾಬ್

ಹಳೆಯ ಬ್ಲಾಕ್ ತಗೊಳ್ಳುವಾಗ ಸುಣ್ಣ ತೆಗೆಯಲು ಯಾವುದು ಬಳಸಿದ್ದರು ಅಂತ ರಿಜಿಸ್ಟರ್ ನೋಡಿ ಬರೆದುಕೊಳ್ಳಿ ತಂಗಿ. ಆಸಿಡ್ ಅಂತ ಇದ್ದರೆ ಅವನ್ನು ಬೇರೆ ಇಡಿ, ಇಡಿಟಿಎದವನ್ನು ಮೊದಲು ಮಾಡಿ.